ಬೆಟ್ಟದ ದಾರಿಯಲ್ಲಿ ಪೆಟ್ಟಾದವರಿಗೆ ದಿಕ್ಕು ಯಾರು?

ಮೈಸೂರಿನವರಿಗೆ ಚಾಮುಂಡಿ ಬೆಟ್ಟಕ್ಕೆ ಹೋಗುವುದು ಒಂದು ಪ್ರಯಾಣ ಅಂತಲೇ ಅನ್ನಿಸುವುದಿಲ್ಲ. ನಗರ ಬಸ್ ನಿಲ್ದಾಣದಲ್ಲಿ 201ನೇ ನಂಬರಿನ ಬಸ್ಸು ಹತ್ತಿ ಕೂತರೆ ಬೆಟ್ಟದ ಮೇಲೆ ಇಳಿಸುತ್ತದೆ. ಮನೆಗೆ ನೆಂಟರು ಬಂದರೆ ಸಂಜೆ ಹೊತ್ತು ಕರೆದುಕೊಂಡು ಹೋಗಿ ಬರುವ ಜಾಗ ಅದು. ಆದರೆ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಆ ನೆತ್ತಿಗೆ ಹೋಗುವ ರಸ್ತೆ ತಿರುವುಗಳ ರಸ್ತೆ. ಆಷಾಢ ಶುಕ್ರವಾರ, ಅಮ್ಮನವರ ವರ್ಧಂತಿ, ದಸರಾ, ಅದಾದ ಮೇಲೆ ರಥೋತ್ಸವ ಎಂದು ಜನ ಅಲ್ಲಿಗೆ ಬರುತ್ತಲೇ ಇರುತ್ತಾರೆ. ಬಸ್ಸಿನಲ್ಲಿ ಬರುವವರು, ಆಟೊ ಹಿಡಿದು ಬರುವವರು, ಟೆಂಪೊ ಟ್ರಾವೆಲರ್ ಮಾಡಿಕೊಂಡು ಬರುವವರು, ಬೈಕಿನಲ್ಲಿ ಹಿಂದೆ ಕೂತು ಬರುವವರು, ಊರಿನ ಸಾಮಾನು ಸಾಗಿಸುವ ಗಾಡಿಯಲ್ಲೇ ನಿಂತುಕೊಂಡು ಬರುವವರು, ಹರಕೆ ಹೊತ್ತು ಮೆಟ್ಟಿಲು ಹತ್ತುವವರು ಎಲ್ಲರೂ ಸೇರುವುದು ಒಂದೇ ತಾಯಿಯ ಮುಂದೆ.

ಹತ್ತುವಾಗಲೋ ಇಳಿಯುವಾಗಲೋ ಇವರಲ್ಲಿ ಒಬ್ಬರ ಕಾಲು ಮುರಿಯಿತು ಅಂದುಕೊಳ್ಳಿ. ಮುರಿದ ಮೂಳೆ ಒಂದೇ, ಆಸ್ಪತ್ರೆ ಬಿಲ್ಲು ಒಂದೇ, ಮನೆಯಲ್ಲಿ ನಿಂತುಹೋದ ದುಡಿಮೆಯೂ ಒಂದೇ. ಆದರೆ ಪರಿಹಾರ ಸಿಗುತ್ತದೆಯೇ, ಎಷ್ಟು ಸಿಗುತ್ತದೆ, ಯಾವ ನ್ಯಾಯಾಲಯದಲ್ಲಿ ಕೇಳಬೇಕು, ಯಾರ ಮೇಲೆ ಕೇಳಬೇಕು ಎನ್ನುವುದು ಅವರು ಯಾವುದರಲ್ಲಿ ಬಂದರು ಎನ್ನುವುದರ ಮೇಲೆ ನಿಂತಿದೆ. ಗಾಯ ನೋಡಿ ಪರಿಹಾರ ಕೊಡುವ ಕಾನೂನು ನಮ್ಮಲ್ಲಿಲ್ಲ. ಗಾಡಿ ನೋಡಿ ಕೊಡುವ ಕಾನೂನಿದೆ. ಈ ಲೇಖನದ ಚಿಂತೆ ಅದರ ಸುತ್ತಲೇ ಇದೆ.

ಮೊದಲು ನಮ್ಮ ಕಾನೂನಿನ ಒಳ್ಳೆಯ ಭಾಗವನ್ನು ಹೇಳಬೇಕು, ಏಕೆಂದರೆ ಅದರ ಬೆಲೆ ನಮಗೆ ಅಷ್ಟಾಗಿ ಗೊತ್ತಿಲ್ಲ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಂಡು ಅಲಾಸ್ಕಾಕ್ಕೋ ಕೆರಿಬಿಯನ್ ದ್ವೀಪಗಳಿಗೋ ಕ್ರೂಸ್ ಹಡಗಿನಲ್ಲಿ ಕಳಿಸುವುದು ಈಗ ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಮನೆಗಳಲ್ಲಿ ಹೊಸ ಸುದ್ದಿಯೇನಲ್ಲ. ಆ ಹಡಗಿನ ಒದ್ದೆ ನೆಲದಲ್ಲಿ ಜಾರಿ ಸೊಂಟ ಮುರಿದರೆ ಏನು ಗತಿ? ಟಿಕೆಟ್ಟಿನ ಜೊತೆಗಿರುವ, ಯಾರೂ ಓದದ ಷರತ್ತುಗಳಲ್ಲಿ ಅದರ ಉತ್ತರವಿದೆ. ದಾವೆ ಹೂಡುವುದಾದರೆ ಕಂಪನಿ ಹೇಳಿದ ಊರಿನಲ್ಲೇ ಹೂಡಬೇಕು. ಅದು ಸಾಮಾನ್ಯವಾಗಿ ಫ್ಲಾರಿಡಾದ ಮಯಾಮಿ. ವಾಷಿಂಗ್ಟನ್ ರಾಜ್ಯದ ಮಹಿಳೆಯೊಬ್ಬರು ಮೆಕ್ಸಿಕೊ ಕರಾವಳಿಯ ಬಳಿ ಕಾರ್ನಿವಲ್ ಕಂಪನಿಯ ಹಡಗಿನಲ್ಲಿ ಚಾಪೆಯ ಮೇಲೆ ಜಾರಿ ಬಿದ್ದು ತಮ್ಮ ಊರಿನ ಕಡೆ ದಾವೆ ಹೂಡಿದಾಗ, 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಟಿಕೆಟ್ಟಿನ ಷರತ್ತನ್ನೇ ಎತ್ತಿಹಿಡಿಯಿತು. ಖಂಡದ ಇನ್ನೊಂದು ತುದಿಗೆ ಹೋಗಿ ಕೇಳಬೇಕಾದ ಪರಿಸ್ಥಿತಿ ಗಾಯಗೊಂಡವರದಾಯಿತು. ನೋಟಿಸು ಕೊಡಲು ಆರು ತಿಂಗಳಿಗಿಂತ, ದಾವೆ ಹೂಡಲು ಒಂದು ವರ್ಷಕ್ಕಿಂತ ಕಡಿಮೆ ಅವಧಿ ಇಡಬಾರದು ಎಂದು ಅಲ್ಲಿನ ಕಾನೂನು ಹೇಳುತ್ತದೆ. ಕಂಪನಿಗಳು ಹೆಚ್ಚುಕಡಿಮೆ ಆ ಕನಿಷ್ಠ ಅವಧಿಯನ್ನೇ ಟಿಕೆಟ್ಟಿನಲ್ಲಿ ಹಾಕುತ್ತವೆ. ಮೈಸೂರಿಗೆ ಮರಳಿ, ವಾಕರ್ ಹಿಡಿದು ನಡೆಯಲು ಕಲಿಯುವಷ್ಟರಲ್ಲಿ ಆ ಗಡುವು ಮುಗಿದಿರುತ್ತದೆ.

ಇದರ ಪಕ್ಕದಲ್ಲಿ ನಮ್ಮ 1988ರ ಮೋಟಾರು ವಾಹನ ಕಾಯ್ದೆಯನ್ನು ಇಟ್ಟು ನೋಡಿ. ಅದರ 166ನೇ ಕಲಂ ಪ್ರಕಾರ ಗಾಯಗೊಂಡವರು ಅಪಘಾತ ನಡೆದ ಊರಿನಲ್ಲಿ ಅರ್ಜಿ ಹಾಕಬಹುದು, ತಾವು ವಾಸಿಸುವ ಊರಿನಲ್ಲಿ ಹಾಕಬಹುದು, ಎದುರು ಪಕ್ಷದವರು ಇರುವ ಕಡೆ ಬೇಕಾದರೂ ಹಾಕಬಹುದು. ಆಯ್ಕೆ ಅರ್ಜಿದಾರರದು. 2023ರ ಮೇ 29ರಂದು ಟಿ. ನರಸೀಪುರದ ಕುರುಬೂರಿನ ಬಳಿ ಖಾಸಗಿ ಬಸ್ಸಿಗೂ ಇನ್ನೋವಾ ಕಾರಿಗೂ ಡಿಕ್ಕಿಯಾಗಿ ಹತ್ತು ಜನ ಸತ್ತರು. ಬಳ್ಳಾರಿ ಕಡೆಯ ಸಂಗನಕಲ್ಲಿನಿಂದ ಮೈಸೂರು ಸೀಮೆಗೆ ಪ್ರವಾಸ ಬಂದವರು ಅವರು. ಇಂಥ ಮನೆಯವರು ಪ್ರತಿ ವಾಯಿದೆಗೂ ಮೈಸೂರಿಗೆ ಬರಬೇಕಿಲ್ಲ, ಬಳ್ಳಾರಿಯಲ್ಲೇ ಕೇಸು ನಡೆಸಬಹುದು. ಮುಖ್ಯಮಂತ್ರಿಗಳು ಘೋಷಿಸುವ ಪರಿಹಾರ ಬೇರೆ, ಅಪಘಾತ ಪರಿಹಾರ ನ್ಯಾಯಮಂಡಳಿ ಕೊಡಿಸುವ ಪರಿಹಾರ ಬೇರೆ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸರ್ಕಾರದ ಚೆಕ್ಕು ಬಂದ ಕೂಡಲೆ ಎಲ್ಲ ಮುಗಿಯಿತೆಂದು ಸುಮ್ಮನಾಗುವ ಕುಟುಂಬಗಳಿವೆ. ಆ ಚೆಕ್ಕು ಸಾಂತ್ವನದ ಹಣ, ಕೊಡುವವರ ದಯೆ. ನ್ಯಾಯಮಂಡಳಿಯ ಹಣ ಹಕ್ಕು.

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಎಂಬ ಏರ್ಪಾಡು ನಮ್ಮ ದೇಶಕ್ಕೆ ಬಂದದ್ದು 1939ರ ಹಳೆಯ ಕಾಯ್ದೆಗೆ 1956ರಲ್ಲಿ ಆದ ತಿದ್ದುಪಡಿಯಿಂದ. ಸಿವಿಲ್ ಕೋರ್ಟಿನ ದೊಡ್ಡ ಶುಲ್ಕ, ಉದ್ದನೆಯ ವಿಚಾರಣೆ ಇವುಗಳಿಂದ ಗಾಯಾಳುವನ್ನು ಪಾರು ಮಾಡುವುದು ಅದರ ಉದ್ದೇಶವಾಗಿತ್ತು. ಕೋರ್ಟು ಆವರಣದಲ್ಲಿ ಎಲ್ಲರ ಬಾಯಲ್ಲೂ ಅದು 'ಎಂವಿಸಿ ಕೇಸು'.

ಈಗ ಬೆಟ್ಟದ ದಾರಿಗೆ ಬರೋಣ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿದ್ದವರ ದಾರಿ ಎಲ್ಲಕ್ಕಿಂತ ಸಲೀಸು. ಚಾಲಕನ ಅಜಾಗರೂಕತೆ ತೋರಿಸಿದರೆ ಸಂಸ್ಥೆಯೇ ಪರಿಹಾರ ಕೊಡಬೇಕು. ಇದಲ್ಲದೆ ಪ್ರಯಾಣಿಕರ ಟಿಕೆಟ್ಟಿನಿಂದಲೇ ಒಂದೊಂದು, ಎರಡೆರಡು ರೂಪಾಯಿ ಸೇರಿ ಬೆಳೆದ ಅಪಘಾತ ಪರಿಹಾರ ನಿಧಿಯೂ ಇದೆ. ಪ್ರಯಾಣಿಕರು ಮೃತಪಟ್ಟರೆ ಆ ನಿಧಿಯಿಂದ ಕೊಡುತ್ತಿದ್ದ 3 ಲಕ್ಷ ರೂಪಾಯಿಯನ್ನು 2024ರ ಜನವರಿಯಿಂದ 10 ಲಕ್ಷಕ್ಕೆ ಏರಿಸಿದ್ದಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರ ಬಾಯಲ್ಲಿ ಒಂದು ಪ್ರಶ್ನೆ ಕೇಳುತ್ತಿರುತ್ತೇನೆ: 'ನಾವು ದುಡ್ಡು ಕೊಟ್ಟಿಲ್ಲವಲ್ಲ, ನಮಗೆ ಪರಿಹಾರ ಕೇಳುವ ಹಕ್ಕಿದೆಯಾ?' ಖಂಡಿತ ಇದೆ. ಮೋಟಾರು ವಾಹನ ಕಾಯ್ದೆಯ ಪರಿಹಾರ ಟಿಕೆಟ್ಟಿನ ದುಡ್ಡಿಗೆ ಕಟ್ಟುಬಿದ್ದದ್ದಲ್ಲ. ಈಚಿನ ವರ್ಷಗಳಲ್ಲಿ ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳನ್ನು ಲಲಿತಮಹಲ್ ಹೆಲಿಪ್ಯಾಡ್ ಮೈದಾನದಲ್ಲೇ ನಿಲ್ಲಿಸಿ, ಅಲ್ಲಿಂದ ಸಾರಿಗೆ ಬಸ್ಸಿನಲ್ಲಿ ಭಕ್ತರನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಕೈಗೆ ಚೀಟಿ ಸಿಗದಿದ್ದರೂ ಹಕ್ಕು ಹಾಗೆಯೇ ಇರುತ್ತದೆ. ಆದರೆ ಆ ಬಸ್ಸಿನಲ್ಲಿ ನೀವಿದ್ದಿರಿ ಎನ್ನುವುದಕ್ಕೆ ಸಾಕ್ಷಿ ಬೇಕಾಗುತ್ತದೆ. ಶೂನ್ಯ ದರದ ಟಿಕೆಟ್ಟನ್ನು ಇಳಿಯುವ ಮೊದಲೇ ಮುದುರಿ ಎಸೆಯುವ ಅಭ್ಯಾಸ ಬಿಡಬೇಕು.

ಸಂಸ್ಥೆಯಿಂದ ಹಣ ಬರುವುದು ತಡವಾದರೆ ಏನಾಗುತ್ತದೆ ಎನ್ನುವುದು ಕನ್ನಡ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಆದೇಶವಾಗಿ ವರ್ಷ ಕಳೆದರೂ ದುಡ್ಡು ಕಟ್ಟದಿದ್ದಾಗ ಕೋರ್ಟಿನ ಅಮೀನರು ಬಸ್ ನಿಲ್ದಾಣಕ್ಕೆ ಬಂದು ಬಸ್ಸನ್ನೇ ಜಪ್ತಿ ಮಾಡಿ ನ್ಯಾಯಾಲಯದ ಆವರಣದಲ್ಲಿ ತಂದು ನಿಲ್ಲಿಸುತ್ತಾರೆ. ಫೋಟೊ ಬರುತ್ತದೆ, ಜನ ನೋಡುತ್ತಾರೆ. ಆದೇಶದ ಹಣವನ್ನು 30 ದಿನದೊಳಗೆ ಕಟ್ಟಬೇಕೆಂದು ಕಾಯ್ದೆ ಹೇಳಿದ್ದರೂ ಬಸ್ಸು ಎಳೆದು ತರುವವರೆಗೆ ಕಾಯಬೇಕಾಗುವುದು ಸರಿಯಲ್ಲ. ವಾರ್ಡಿನಲ್ಲಿ ಮಲಗಿದ್ದವರ ಸಾಲಕ್ಕೆ ಬಡ್ಡಿ ಬೆಳೆಯುವುದು ಈ ಅವಧಿಯಲ್ಲೇ.

ಆಟೊದಲ್ಲಿ ಬಂದವರಿಗೂ ವಿಮೆ ಇರುತ್ತದೆ. ಮೂರು ಜನರ ಪರ್ಮಿಟ್ಟಿನ ಆಟೊದಲ್ಲಿ ಆರು ಜನ ಕೂತಿದ್ದರೆ ತಕರಾರು ಶುರುವಾಗುತ್ತದೆ. ಬೈಕಿನ ಹಿಂದೆ ಕೂತವರ ವಿಷಯ ಇನ್ನೂ ಸೂಕ್ಷ್ಮ. ಬೇರೆ ಗಾಡಿ ಬಂದು ಗುದ್ದಿದರೆ ಆ ಗಾಡಿಯ ಥರ್ಡ್ ಪಾರ್ಟಿ ವಿಮೆಯಿಂದ ಹಣ ಬರುತ್ತದೆ. ಆದರೆ ಬೈಕು ತಾನಾಗಿ ತಿರುವಿನಲ್ಲಿ ಜಾರಿಬಿದ್ದರೆ, ಆ ಬೈಕಿಗೆ ಬರೀ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ, ಹಿಂದೆ ಕೂತವರಿಗೆ ವಿಮಾ ಕಂಪನಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಪ್ಯಾಕೇಜ್ ಪಾಲಿಸಿ, ಅಂದರೆ ಸಮಗ್ರ ವಿಮೆ, ಇದ್ದರೆ ಕೊಡಬೇಕು. ಕಾರಿನೊಳಗೆ ಕೂತವರಿಗೂ ಇದೇ ಲೆಕ್ಕ. ಪ್ರೀಮಿಯಂ ಉಳಿಸಲು ಬರೀ ಥರ್ಡ್ ಪಾರ್ಟಿ ಮಾಡಿಸಿ ಹೆಂಡತಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಬೆಟ್ಟ ಹತ್ತುವ ಸಾವಿರಾರು ಜನಕ್ಕೆ ಇದು ಗೊತ್ತಿಲ್ಲ. ತಾನೇ ಓಡಿಸಿ ತನ್ನ ತಪ್ಪಿನಿಂದಲೇ ಬಿದ್ದವರಿಗಂತೂ 166ರ ಬಾಗಿಲು ಮುಚ್ಚಿದೆ. 2014ರಲ್ಲಿ ಅರಸೀಕೆರೆ ಕಡೆ ಕಾರು ಉರುಳಿ ಸತ್ತ ಚಾಲಕನ ಮನೆಯವರು ಕೇಳಿದ ಪರಿಹಾರವನ್ನು ಕರ್ನಾಟಕ ಹೈಕೋರ್ಟ್ ನಿರಾಕರಿಸಿತ್ತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲಿಲ್ಲ. ಅಂಥವರಿಗೆ ಉಳಿಯುವುದು ವಾಹನ ಮಾಲೀಕರಿಗೆಂದು ಕಡ್ಡಾಯ ಮಾಡಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಅದನ್ನು ನವೀಕರಿಸಿದ್ದರೆ ಮಾತ್ರ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಸಾಮಾನು ಸಾಗಿಸುವ ಗಾಡಿಗಳ ವಿಷಯ. ಹಳ್ಳಿಯಿಂದ ಹರಕೆ ತೀರಿಸಲು ಬರುವ ಬಡ ಕುಟುಂಬ ಬಸ್ಸಿಗೆ ಕೊಡುವ ಕಾಸು ಉಳಿಯಲೆಂದು, ಇಲ್ಲವೇ ಮೂವತ್ತು ಜನ ಒಟ್ಟಿಗೆ ಹೋಗಲೆಂದು, ಊರಿನ ಗೂಡ್ಸ್ ಟೆಂಪೊ ಹತ್ತುತ್ತದೆ. ಅಡುಗೆ ಪಾತ್ರೆ, ಸೌದೆ, ಮುದುಕರು, ಕೂಸುಗಳು ಎಲ್ಲವೂ ಅದರಲ್ಲೇ. ಗೂಡ್ಸ್ ಗಾಡಿಯಲ್ಲಿ ಸುಮ್ಮನೆ ಪ್ರಯಾಣ ಮಾಡಿದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂಬುದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಕೊನೆಯಲ್ಲಿ ಕೊಟ್ಟ ತೀರ್ಪು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಿರಬಹುದು. ಆದರೆ ಫಲವೇನು? ಪರಿಹಾರದ ಆದೇಶವಾಗುವುದು ಗಾಡಿಯ ಮಾಲೀಕನ ಮೇಲೆ. ಅವನ ಹತ್ತಿರ ಇರುವುದು ಸಾಲದ ಮೇಲೆ ತಂದ ಆ ಒಂದು ಗಾಡಿ, ಅದೂ ನಜ್ಜುಗುಜ್ಜಾಗಿ ಠಾಣೆಯ ಮುಂದೆ ನಿಂತಿರುತ್ತದೆ. ಕಾಗದದ ಮೇಲೆ ಹತ್ತು ಲಕ್ಷದ ಆದೇಶ, ಕೈಗೆ ಒಂದು ಪೈಸೆಯೂ ಇಲ್ಲ. ವಿಮೆಯ ಷರತ್ತು ಮುರಿದಿದ್ದರೂ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂಬ ಸೂತ್ರವನ್ನು ನಮ್ಮ ಹೈಕೋರ್ಟಿನ ಪೂರ್ಣಪೀಠ ಯಲ್ಲವ್ವ ಪ್ರಕರಣದಲ್ಲಿ 2020ರಲ್ಲಿ ವಿವರವಾಗಿ ಚರ್ಚಿಸಿದೆ. ಆ ಸೂತ್ರ ಎಲ್ಲರ ಕೈಹಿಡಿಯುವುದಿಲ್ಲ. ಬಡತನ ಹೆಚ್ಚಿದಷ್ಟೂ ರಕ್ಷಣೆ ಕಡಿಮೆಯಾಗುತ್ತ ಹೋಗುವುದನ್ನು ನೋಡಬೇಕಾದರೆ ಬೆಟ್ಟದ ಪಾದದಲ್ಲಿ ಹಬ್ಬದ ದಿನ ನಿಂತು ಬರುವ ಗಾಡಿಗಳನ್ನು ನೋಡಿದರೆ ಸಾಕು.

ಗುದ್ದಿ ಓಡಿಹೋದ ಗಾಡಿಯ ನಂಬರು ಸಿಗದಿದ್ದರೆ? 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಸಿಗುತ್ತದೆ. ಅದಕ್ಕೆ ಮೊದಲು 25 ಸಾವಿರ ಮತ್ತು 12,500 ಇತ್ತು. ಇನ್ನು ತಪ್ಪು ಯಾರದೆಂದು ಸಾಬೀತು ಮಾಡುವ ಗೋಜೇ ಬೇಡ ಎನ್ನುವವರಿಗೆ 164ನೇ ಕಲಂ ಇದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಅದನ್ನು ತೆಗೆದುಕೊಂಡರೆ 166ರ ದೊಡ್ಡ ಪರಿಹಾರ ಕೇಳುವಂತಿಲ್ಲ.

ಈ ಕಲಂಗಳಿಗಿಂತ ದೊಡ್ಡ ವಿಷಯ ಮೊದಲ ದಿನದ ಕಾಗದದ್ದು. ಕೇಸು ಗೆಲ್ಲುವುದೂ ಸೋಲುವುದೂ ಬಹುಪಾಲು ಕೋರ್ಟಿನಲ್ಲಲ್ಲ, ಆಸ್ಪತ್ರೆಯ ತುರ್ತು ವಿಭಾಗದ ಮೇಜಿನ ಮೇಲೆ. ಗಾಯಗೊಂಡವರನ್ನು ತಂದಾಗ ಡಾಕ್ಟರು ಕೇಳುತ್ತಾರೆ: 'ಹೇಗಾಯಿತು?' ನೋವಿನಲ್ಲಿರುವ ಮನುಷ್ಯ 'ಬಿದ್ದುಬಿಟ್ಟೆ ಸಾರ್' ಅನ್ನುತ್ತಾನೆ. ಕೇಸ್ ಶೀಟಿನಲ್ಲಿ ತಾನಾಗಿ ಬಿದ್ದ ಗಾಯ ಎಂದು ದಾಖಲಾಗುತ್ತದೆ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂಬ ದಾಖಲೆ, ಆಗುವುದಿಲ್ಲ, ಠಾಣೆಗೆ ಸುದ್ದಿ ಹೋಗುವುದಿಲ್ಲ. ಜೊತೆಗಿದ್ದವರು ಆಪರೇಷನ್ನಿಗೆ ದುಡ್ಡು ಹೊಂದಿಸುವ ಓಡಾಟದಲ್ಲಿರುತ್ತಾರೆ. ಹತ್ತು ದಿನ ಬಿಟ್ಟು ದೂರು ಕೊಟ್ಟು, ಬಸ್ಸಿನಿಂದ ಇಳಿಯುವಾಗ ಚಾಲಕ ಬಸ್ಸು ಎಳೆದದ್ದರಿಂದ ಬಿದ್ದೆ ಎಂದು ಹೇಳಿದರೆ, ವಿಮೆಯ ವಕೀಲರು ಆ ಒಂದು ಸಾಲನ್ನು ಹಿಡಿದು ಕೂರುತ್ತಾರೆ. ಬಿದ್ದದ್ದು ನಿಜ, ಬೀಳಿಸಿದ್ದೂ ನಿಜ. ಕಾಗದದಲ್ಲಿ ಮೊದಲನೆಯದು ಮಾತ್ರ ಇರುತ್ತದೆ. ಎಫ್‌ಐಆರ್ ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿರುವುದು ನಿಜ. ಆದರೂ ತಡ ಏಕಾಯಿತೆಂದು ನಂಬುವ ಹಾಗೆ ಹೇಳಬೇಕಾಗುತ್ತದೆ, ಕೇಸ್ ಶೀಟಿನ ಸಾಲಿಗೆ ಉತ್ತರ ಕೊಡಬೇಕಾಗುತ್ತದೆ. ಆದ್ದರಿಂದ ಯಾವ ಗಾಡಿ, ಯಾವ ಜಾಗ, ಎಷ್ಟು ಹೊತ್ತಿಗೆ ಎನ್ನುವ ಮೂರು ಮಾತನ್ನು ಮೊದಲ ಡಾಕ್ಟರಿಗೇ ಹೇಳಿ ಬರೆಸಬೇಕು. ಆಮೇಲೆ ಬೇಕಾಗುವ ವೂಂಡ್ ಸರ್ಟಿಫಿಕೇಟು, ಸ್ಥಳ ಮಹಜರು, ಸ್ಕೆಚ್ಚು, ಮೋಟಾರು ವಾಹನ ನಿರೀಕ್ಷಕರ ವರದಿ, ಚಾರ್ಜ್‌ಶೀಟು ಎಲ್ಲವೂ ಈ ಬುಡದ ಮೇಲೆ ನಿಲ್ಲುತ್ತವೆ.

ಇನ್ನು ಚಿಕಿತ್ಸೆಯ ಖರ್ಚಿನ ಮಾತು. 2016ರಲ್ಲಿ ಬೆಂಗಳೂರಿನ ಹೊರವಲಯದ ಹೆದ್ದಾರಿಯಲ್ಲಿ ಪ್ರಾಣ ಬಿಡುವ ಹೊತ್ತಿನಲ್ಲೂ ಅಂಗದಾನದ ಮಾತಾಡಿದ ಯುವಕನ ಹೆಸರಿನಲ್ಲಿ ಕರ್ನಾಟಕ ಸರ್ಕಾರ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ' ತಂದಿತು. ಮೊದಲ 48 ಗಂಟೆಗೆ 25 ಸಾವಿರದವರೆಗೆ ಉಚಿತ ಚಿಕಿತ್ಸೆ ಅದರ ಉದ್ದೇಶವಾಗಿತ್ತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷದ ತನಕ ಚಿಕಿತ್ಸೆ ಸಿಗಬೇಕು. ಗಾಯಾಳುವನ್ನು ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸು, ಕೋರ್ಟು ಎಂದು ಕಿರುಕುಳ ಆಗದಂತೆ ಕಾನೂನಿನ ರಕ್ಷಣೆಯೂ ಇದೆ. ಅದಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ತಿರುವಿನಲ್ಲಿ ಬಿದ್ದವರನ್ನು ಕಂಡು ಗಾಡಿ ನಿಲ್ಲಿಸದೆ ಹೋಗುವವರಿಗೆ ಈಗ ಯಾವ ನೆಪವೂ ಉಳಿದಿಲ್ಲ.

ಪರಿಹಾರದ ಮೊತ್ತ ಹೇಗೆ ಹುಟ್ಟುತ್ತದೆ ಎನ್ನುವುದನ್ನು ಒಂದು ಉದಾಹರಣೆಯಿಂದಲೇ ನೋಡಬೇಕು. ಮೂವತ್ತೈದು ವರ್ಷದ ಒಬ್ಬ ಹೆಂಗಸು ಬೆಟ್ಟದ ಮೇಲೆ ಹೂವು ಮಾರುತ್ತಾಳೆ, ತಿಂಗಳಿಗೆ 15 ಸಾವಿರ ದುಡಿಯುತ್ತಾಳೆ ಎನ್ನಿ. ಸ್ವಂತ ದುಡಿಮೆಯವರು ನಲವತ್ತರ ಒಳಗಿದ್ದರೆ ಮುಂದಿನ ಬೆಳವಣಿಗೆಗೆಂದು ನೂರಕ್ಕೆ ನಲವತ್ತು ಸೇರಿಸಬೇಕೆಂದು 2017ರ ಪ್ರಣಯ್ ಸೇಠಿ ತೀರ್ಪು ಹೇಳುತ್ತದೆ. ಗಾಯದ ಪ್ರಕರಣಗಳಿಗೂ ಸುಪ್ರೀಂ ಕೋರ್ಟ್ ಅದನ್ನು ಅನ್ವಯಿಸಿದೆ. ಅಲ್ಲಿಗೆ ತಿಂಗಳಿಗೆ 21 ಸಾವಿರ, ವರ್ಷಕ್ಕೆ 2,52,000. ಮೂವತ್ತೈದರ ವಯಸ್ಸಿಗೆ 2009ರ ಸರಳಾ ವರ್ಮಾ ತೀರ್ಪಿನ ಗುಣಕ 16. ಗುಣಿಸಿದರೆ 40,32,000. ಶಾಶ್ವತ ಊನ ಇಡೀ ದೇಹಕ್ಕೆ ನೂರಕ್ಕೆ 20 ಎಂದಾದರೆ ದುಡಿಮೆಯ ನಷ್ಟವೊಂದೇ 8,06,400 ರೂಪಾಯಿ. ಆಸ್ಪತ್ರೆ ಖರ್ಚು, ನೋವು, ಓಡಾಟ, ಆರೈಕೆಯ ಹಣ ಇದರ ಮೇಲೆ.

ಜಗಳವೆಲ್ಲ ಆ 20ರ ಮೇಲೆ, ಆ 15 ಸಾವಿರದ ಮೇಲೆ. ಮೂಳೆ ಡಾಕ್ಟರು ಕಾಲಿಗೆ ನೂರಕ್ಕೆ 45 ಊನ ಎಂದು ಸಾಕ್ಷಿ ಹೇಳಿದರೆ ನಮ್ಮ ನ್ಯಾಯಮಂಡಳಿಗಳು ಅನೇಕ ಸಲ ಅದರ ಮೂರನೆಯ ಒಂದು ಭಾಗ, ಅಂದರೆ 15 ಅನ್ನು ಇಡೀ ದೇಹಕ್ಕೆ ಹಿಡಿಯುತ್ತವೆ. ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೆ ಅದು ಹೊಂದಬಹುದು. ದಿನವಿಡೀ ನಿಂತು ಹೂವು ಮಾರುವವಳಿಗೆ, ಮೆಟ್ಟಿಲ ಮೇಲೆ ಮೂಟೆ ಹೊರುವವನಿಗೆ ಮಂಡಿ ಮಡಿಸಲು ಬಾರದಿದ್ದರೆ ದುಡಿಮೆಯೇ ಹೋದಂತೆ. 2010ರ ರಾಜ್ ಕುಮಾರ್ ತೀರ್ಪು ಇದನ್ನೇ ಸ್ಪಷ್ಟವಾಗಿ ಹೇಳಿದೆ: ಅಂಗದ ಊನ ಎಷ್ಟು ಎನ್ನುವುದಕ್ಕಿಂತ ಆ ಮನುಷ್ಯನ ದುಡಿಮೆಗೆ ಬಿದ್ದ ಹೊಡೆತ ಎಷ್ಟು ಎಂದು ನೋಡಬೇಕು. ಆದಾಯಕ್ಕೆ ದಾಖಲೆ ಇಲ್ಲದವರಿಗೆ ಕರ್ನಾಟಕದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದವರು ಲೋಕ ಅದಾಲತ್ತಿಗಾಗಿ ಮಾಡಿದ ವರ್ಷವಾರು ಪಟ್ಟಿಯನ್ನು ಹೈಕೋರ್ಟೂ ಬಳಸುತ್ತದೆ. ಮನೆಗೆಲಸವನ್ನಷ್ಟೇ ಮಾಡುವ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಲೇಬೇಕೆಂದು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೀರ್ತಿ ಪ್ರಕರಣದಲ್ಲಿ ಬರೆದದ್ದು ನಮ್ಮ ಮನೆಮನೆಗೂ ಗೊತ್ತಾಗಬೇಕಾದ ತೀರ್ಪು.

ಗಡುವಿನ ವಿಷಯವೂ ಈಗ ಬಿಸಿಯಾಗಿದೆ. 1994ರ ತಿದ್ದುಪಡಿಯ ನಂತರ ಅರ್ಜಿ ಹಾಕಲು ಕಾಲಮಿತಿಯೇ ಇರಲಿಲ್ಲ. 2019ರ ತಿದ್ದುಪಡಿ ಆರು ತಿಂಗಳ ಮಿತಿಯನ್ನು ಮತ್ತೆ ತಂದಿತು. 2022ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ, ತಡವಾಯಿತೆಂಬ ಕಾರಣಕ್ಕೆ ಸದ್ಯಕ್ಕೆ ಯಾರ ಅರ್ಜಿಯನ್ನೂ ವಜಾ ಮಾಡಬೇಡಿ ಎಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿದೆ. ಇದನ್ನು ನಂಬಿ ಕೂರಬಾರದು. ಕೈಕಾಲು ಮುರಿದವರಿಗೆ ಆರು ತಿಂಗಳು ಹಾಸಿಗೆಯಲ್ಲೇ ಕಳೆದುಹೋಗುತ್ತದೆ ಎಂಬುದು ತಿದ್ದುಪಡಿ ಬರೆದವರಿಗೆ ಹೊಳೆಯಲಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ಕಾನೂನಿನ ನೆರವು ಯಾರಿಂದ? ಕಾಯ್ದೆ ಓದಿದರೆ ಆಶ್ಚರ್ಯವಾಗುತ್ತದೆ, ಏಕೆಂದರೆ ಗಾಯಾಳು ಯಾರನ್ನೂ ಹುಡುಕಿಕೊಂಡು ಹೋಗಬೇಕಿಲ್ಲ. 2022ರ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿ, ಆಮೇಲೆ ಮೂರು ತಿಂಗಳೊಳಗೆ ವಿವರ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. ನ್ಯಾಯಮಂಡಳಿ ಅದನ್ನೇ ಅರ್ಜಿಯಾಗಿ ತೆಗೆದುಕೊಳ್ಳಬಹುದು. 2022ರ ಡಿಸೆಂಬರಿನ ಗೋಹರ್ ಮೊಹಮ್ಮದ್ ತೀರ್ಪಿನಲ್ಲಿ ಇದಕ್ಕಾಗಿ ಠಾಣೆಗಳಲ್ಲಿ ಪ್ರತ್ಯೇಕ ಘಟಕ ಇರಬೇಕೆಂದೂ ಸುಪ್ರೀಂ ಕೋರ್ಟ್ ಹೇಳಿತು. ನಡೆಯುತ್ತಿರುವುದು ಬೇರೆ. ವಾರ್ಡಿನಲ್ಲಿ ಗಾಯಾಳುವಿನ ಹಾಸಿಗೆಯ ಹತ್ತಿರ ಮೊದಲು ಬಂದು ನಿಲ್ಲುವವನು ಮಧ್ಯವರ್ತಿ. ಫೈಲು ನಾವೇ ಮಾಡಿಸುತ್ತೇವೆ, ಒಂದು ರೂಪಾಯಿಯೂ ಮೊದಲು ಕೊಡಬೇಡಿ, ಬಂದ ಮೇಲೆ ಇಷ್ಟು ಪರ್ಸೆಂಟ್ ಕೊಡಿ ಅನ್ನುತ್ತಾನೆ. ಕಷ್ಟದಲ್ಲಿದ್ದವರಿಗೆ ಅದು ದೇವರು ಕಳಿಸಿದ ಸಹಾಯದಂತೆ ಕಾಣುತ್ತದೆ. ಅಮೆರಿಕದಲ್ಲಿ ಹಡಗಿನ ಗಾಯಾಳುಗಳ ವಕೀಲರು ಬಹಿರಂಗವಾಗಿ ಇಷ್ಟು ಪಾಲು ಎಂದು ಹೇಳಿ ಕೇಸು ಹಿಡಿಯುತ್ತಾರೆ, ಅಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆಯಿದೆ. ನಮ್ಮಲ್ಲಿ ವಕೀಲರು ಪರಿಹಾರದ ಹಣದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ತೆಲಂಗಾಣದ ಒಬ್ಬ ವಿಧವೆಯ ಅಪಘಾತ ಪರಿಹಾರದ ವಿಷಯದಲ್ಲೇ 2017ರಲ್ಲಿ ಸುಪ್ರೀಂ ಕೋರ್ಟ್ ಅಂಥ ಶೇಕಡಾವಾರು ಫೀಜು ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿದೆ. ನಿಷ್ಠೆಯಿಂದ ದುಡಿಯುವ ವಕೀಲರು ಮೈಸೂರಿನಲ್ಲಿ ಬೇಕಾದಷ್ಟಿದ್ದಾರೆ. ಅವರ ಹತ್ತಿರ ಗಾಯಾಳು ನೇರವಾಗಿ ಹೋಗುವ ದಾರಿಯನ್ನು ಮಧ್ಯವರ್ತಿ ಕಟ್ಟಿಹಾಕಿದ್ದಾನೆ.

ಉಚಿತ ನೆರವಿನ ದಾರಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಎಲ್ಲ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿಯಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಬಿಳಿ ಹಾಳೆಯ ಅರ್ಜಿ ಸಾಕು. 15100ಕ್ಕೆ ಫೋನು ಮಾಡಬಹುದು. ರಾಷ್ಟ್ರೀಯ ಲೋಕ ಅದಾಲತ್ತಿನಲ್ಲಿ ಎರಡೂ ಕಡೆಯವರು ಕೂತು ರಾಜಿಯಾದರೆ ಹಣ ಬೇಗ ಬರುತ್ತದೆ, ಮೇಲ್ಮನವಿಯ ಭಯವಿಲ್ಲ. ಬೇಗ ಬರುತ್ತದೆಂದು ಕಡಿಮೆಗೆ ಒಪ್ಪಿಬಿಡುವ ಅಪಾಯವೂ ಅಲ್ಲೇ ಇದೆ. ಮೇಲೆ ಮಾಡಿದ ಲೆಕ್ಕವನ್ನು ಮನೆಯಲ್ಲೇ ಒಮ್ಮೆ ಮಾಡಿಕೊಂಡು ಹೋಗಬೇಕು. ಕೋರ್ಟಿನಲ್ಲಿ ಠೇವಣಿಯಾದ ಹಣವನ್ನು ಪಡೆಯಲು ಯಾರೂ ಬಾರದೆ ದೇಶದಾದ್ಯಂತ ದೊಡ್ಡ ಮೊತ್ತ ಹಾಗೇ ಬಿದ್ದಿರುವುದನ್ನು ಸುಪ್ರೀಂ ಕೋರ್ಟ್ ತಾನಾಗಿ ಗಮನಕ್ಕೆ ತೆಗೆದುಕೊಂಡು 2025ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟಿದೆ. ಗೆದ್ದವರಿಗೇ ತಾವು ಗೆದ್ದದ್ದು ಗೊತ್ತಿಲ್ಲದಿರುವಷ್ಟು ದೂರದಲ್ಲಿದೆ ನಮ್ಮ ನ್ಯಾಯಾಲಯ.

ಇನ್ನು ಮೆಟ್ಟಿಲು ಹತ್ತುವವರು. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಸಾವಿರದಷ್ಟು ಮೆಟ್ಟಿಲುಗಳು. ಒಂದೊಂದಕ್ಕೂ ಅರಿಸಿನ ಕುಂಕುಮ ಹಚ್ಚುತ್ತ ಹತ್ತುವ ಹೆಂಗಸರು. ಮಳೆಗಾಲದಲ್ಲಿ ಆಷಾಢ ಬರುವುದರಿಂದ ಕಲ್ಲು ಒದ್ದೆ, ಮೇಲೆ ಕುಂಕುಮದ ನೀರು. ಇಲ್ಲಿ ಜಾರಿ ಬಿದ್ದವರಿಗೆ ನ್ಯಾಯಮಂಡಳಿ ಇಲ್ಲ, ವಿಮೆ ಇಲ್ಲ, ಗುಣಕವೂ ಇಲ್ಲ. ಉಸ್ತುವಾರಿ ಹೊತ್ತವರ ನಿರ್ಲಕ್ಷ್ಯವೆಂದು ಸಿವಿಲ್ ದಾವೆ ಹೂಡಬೇಕು. ಸರ್ಕಾರದ ಮೇಲಾದರೆ ಎರಡು ತಿಂಗಳ ನೋಟಿಸು ಕೊಡಬೇಕು, ಕೇಳುವ ಮೊತ್ತಕ್ಕೆ ತಕ್ಕ ಕೋರ್ಟು ಶುಲ್ಕ ಕಟ್ಟಬೇಕು, ಅಜಾಗರೂಕತೆಯನ್ನು ಪೂರ್ತಿಯಾಗಿ ಸಾಬೀತು ಮಾಡಬೇಕು. ರಸ್ತೆ ಬದಿಯ ಮರ ಮೈಮೇಲೆ ಬಿದ್ದು ಸತ್ತವರ ಮನೆಯವರಿಗೆ ನಗರಪಾಲಿಕೆ ಹೊಣೆಯಲ್ಲ ಎಂದು 1997ರಲ್ಲಿ ರಾಜಕೋಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ದೇಶ ನಮ್ಮದು. 2021ರ ಅಕ್ಟೋಬರಿನ ಮಳೆಗೆ ಬೆಟ್ಟದ ನಂದಿ ವಿಗ್ರಹದ ಕಡೆಯ ರಸ್ತೆಯೇ ಕುಸಿಯಿತು. ಅಂಥ ಹೊತ್ತಿನಲ್ಲಿ ಅಲ್ಲಿ ಬಸ್ಸು ಹೋಗುತ್ತಿದ್ದರೆ ಒಳಗಿದ್ದವರು ತಪ್ಪು ಯಾರದೆಂದು ಸಾಬೀತು ಮಾಡದೆಯೇ ಪರಿಹಾರ ಕೇಳಬಹುದಿತ್ತು. ನಡೆದುಹೋಗುತ್ತಿದ್ದವರು ಸಿವಿಲ್ ಕೋರ್ಟಿಗೇ ಹೋಗಬೇಕಿತ್ತು. ಕುಸಿದ ಮಣ್ಣಿಗೆ ಇವರಿಬ್ಬರಲ್ಲಿ ಯಾವ ಭೇದವೂ ಇಲ್ಲ.

ನೀರಿನ ಮೇಲಿನ ಪ್ರಯಾಣದ್ದೂ ಇದೇ ಕೊರತೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜನ ಹೋದರು. ದೋಣಿ ಮೋಟಾರು ವಾಹನವಲ್ಲ, ಎಂವಿಸಿ ಕೇಸು ಹಾಕುವಂತಿಲ್ಲ. ದುಡ್ಡು ಕೊಟ್ಟು ಹತ್ತಿದ್ದರೆ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ, ತಮ್ಮ ಊರಿನಿಂದಲೇ ದೂರು ಕೊಡಬಹುದು. 1993ರಲ್ಲಿ ವಡೋದರದ ಸುರಸಾಗರ ಕೆರೆಯಲ್ಲಿ ದೋಣಿ ಮುಳುಗಿ 22 ಜನ ಸತ್ತಾಗ ಗ್ರಾಹಕರ ಕಾನೂನಿನಡಿಯಲ್ಲೇ ಪರಿಹಾರ ಸಿಕ್ಕಿತು, ಗುತ್ತಿಗೆ ಕೊಟ್ಟ ನಗರಪಾಲಿಕೆಯೂ ಹೊಣೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಆದರೆ ಹೊತ್ತು ನೋಡಿ: ಇಪ್ಪತ್ತೊಂದು ವರ್ಷ. ರೋಪ್‌ವೇ ಬಂದರೆ ಅದಕ್ಕೂ ಇದೇ ಕೊರತೆ. ಚಾಮುಂಡಿ ಬೆಟ್ಟಕ್ಕೆ ಅದನ್ನು ಹಾಕುವ ಮಾತು 2022ರ ರಾಜ್ಯ ಬಜೆಟ್ಟಿನಲ್ಲೂ ಬಂದಿತ್ತು, ಜನರ ವಿರೋಧದಿಂದ ಮುಂದೆ ಸಾಗಲಿಲ್ಲ. ಪರಿಸರದ ಪ್ರಶ್ನೆ ಅಂದು ಚೆನ್ನಾಗಿ ಚರ್ಚೆಯಾಯಿತು. ತಂತಿಯ ಮೇಲೆ ತೂಗುವ ಆ ಡಬ್ಬಿಯೂ ರಸ್ತೆಯ ವಾಹನವಲ್ಲ. 2022ರ ಏಪ್ರಿಲ್‌ನಲ್ಲಿ ಜಾರ್ಖಂಡಿನ ತ್ರಿಕೂಟ ಬೆಟ್ಟದ ರೋಪ್‌ವೇ ಕೆಟ್ಟು ಜನ ಗಾಳಿಯಲ್ಲೇ ಸಿಕ್ಕಿಕೊಂಡದ್ದನ್ನೂ ಕೆಲವರು ಸತ್ತದ್ದನ್ನೂ ಕಂಡಿದ್ದೇವೆ. ನಮ್ಮ ಬೆಟ್ಟದ ಯೋಜನೆ ಮತ್ತೆ ಬಂದರೆ ಗಾಯಾಳುಗಳಿಗೆ ಯಾವ ನ್ಯಾಯಮಂಡಳಿ, ಯಾವ ವಿಮೆ ಎನ್ನುವುದನ್ನು ಮೊದಲು ಕೇಳಬೇಕು.

ಬೆಟ್ಟದ ದೇವಸ್ಥಾನದ ಹುಂಡಿಗೆ ಕಾಣಿಕೆ ಬರುತ್ತದೆ, ಟಿಕೆಟ್ಟಿನ ದರ್ಶನವಿದೆ. ಹಾಗಿರುವಾಗ ಬೆಟ್ಟಕ್ಕೆ ಬರುವ ಪ್ರತಿಯೊಬ್ಬರಿಗೂ, ಮೆಟ್ಟಿಲಲ್ಲಿ ಬಂದವರಿಗೂ ಗೂಡ್ಸ್ ಗಾಡಿಯಲ್ಲಿ ಬಂದವರಿಗೂ, ತಪ್ಪು ಯಾರದೆಂದು ಕೇಳದೆ ಸಲ್ಲುವ ಒಂದು ಸಾಮೂಹಿಕ ಅಪಘಾತ ವಿಮೆಯನ್ನು ಜಿಲ್ಲಾಡಳಿತ ಮಾಡಿಸಬೇಕು. ಆಷಾಢದ ನಾಲ್ಕು ವಾರ ಹೆಲಿಪ್ಯಾಡ್ ಮೈದಾನದಲ್ಲಿ, ವರ್ಷವಿಡೀ ನಗರದ ದೊಡ್ಡ ಆಸ್ಪತ್ರೆಗಳ ತುರ್ತು ವಿಭಾಗದ ಬಾಗಿಲಲ್ಲಿ, ಕಾನೂನು ಸೇವೆಗಳ ಪ್ರಾಧಿಕಾರದ ಒಂದು ಮೇಜು, ಕನ್ನಡದಲ್ಲಿ ಮಾತಾಡುವ ಒಬ್ಬ ಸ್ವಯಂಸೇವಕ ಇರಬೇಕು. ಮಧ್ಯವರ್ತಿಗಿಂತ ಮೊದಲು ಅವರು ಹಾಸಿಗೆಯ ಹತ್ತಿರ ಹೋಗಬೇಕು. ಮೇಜು ಬರುವ ತನಕ ಬೆಟ್ಟಕ್ಕೆ ಹೋಗುವವರು ಆ ನಂಬರನ್ನು ಫೋನಿನಲ್ಲಿ ಸೇರಿಸಿಟ್ಟುಕೊಳ್ಳಿ: 15100. ಕರೆಗೆ ಕಾಸಿಲ್ಲ.